ಬೆಸುಗೆ ತರಬೇತಿಗೆ ಹೊಸದಾಗಿ ಸೇರಬಯಸುವವರಿಗೆ ಮಾಹಿತಿ (ದೊಡ್ಡನೆಕ್ಕುಂದಿ ಮತ್ತು ಸುತ್ತಮುತ್ತಲಿನ ಪ್ರದೇಶ)

ಪೀಠಿಕೆ

ದೊಡ್ಡನೆಕ್ಕುಂದಿ ಮತ್ತು ಮಹದೇವಪುರದ ಕೈಗಾರಿಕಾ ಪ್ರದೇಶಗಳ ಘಟಕಗಳಲ್ಲಿಯೂ, ಬಡಾವಣೆಗಳ ಗ್ರಿಲ್, ಗೇಟು ಮತ್ತು ಷಟರ್ ಕಾರ್ಯಾಗಾರಗಳಲ್ಲಿಯೂ ಬೆಸುಗೆ ಕೆಲಸವು ಅವಶ್ಯಕವಾಗಿರುತ್ತದೆ. ಆದರೆ ಈ ಎರಡು ಕಡೆಯ ಕೆಲಸ ಒಂದೇ ಬಗೆಯದಲ್ಲ. ಶುಲ್ಕ ಮತ್ತು ಅವಧಿಯನ್ನು ಮಾತ್ರ ನೋಡಿ ತರಬೇತಿಗೆ ಸೇರಿದಲ್ಲಿ ಕುಟುಂಬದ ಹಣ ಹಾಗೂ ಅಭ್ಯರ್ಥಿಯ ಸಮಯ ಎರಡೂ ವ್ಯರ್ಥವಾಗುವ ಸಂಭವವಿರುತ್ತದೆ. ಆದ್ದರಿಂದ ಅಭ್ಯರ್ಥಿಗಳು ಈ ಕೆಳಕಂಡ ಅಂಶಗಳನ್ನು ಪರಿಶೀಲಿಸಿ ತೀರ್ಮಾನ ಕೈಗೊಳ್ಳುವುದು ಸೂಕ್ತ.

1. ಕೆಲಸಕ್ಕೆ ತಕ್ಕ ವಿಧಾನ

ಅ) ಆರ್ಕ್ ಬೆಸುಗೆ: ರಾಡ್ ಮತ್ತು ಹೋಲ್ಡರ್ ಬಳಸಿ ಮಾಡುವ ವಿಧಾನ. ಗ್ರಿಲ್, ಗೇಟು ಹಾಗೂ ಕಟ್ಟಡದ ಉಕ್ಕಿನ ಕೆಲಸಗಳಿಗೆ ಬಳಕೆಯಲ್ಲಿದೆ. ಹೊಸಬರು ಇದರಿಂದ ಆರಂಭಿಸುವುದು ವಾಡಿಕೆ.
ಆ) ಮಿಗ್ ಅಥವಾ ಸಿಒ2 ಬೆಸುಗೆ: ತಂತಿಯು ಯಂತ್ರದಿಂದ ನಿರಂತರವಾಗಿ ಬರುತ್ತದೆ. ಒಂದೇ ಬಗೆಯ ಭಾಗಗಳನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸುವ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ.
ಇ) ಟಿಗ್ ಬೆಸುಗೆ: ಸ್ಟೇನ್‌ಲೆಸ್ ಸ್ಟೀಲ್, ಅಲ್ಯುಮಿನಿಯಂ ಮತ್ತು ತೆಳು ತಗಡಿನ ಕೆಲಸಗಳಿಗೆ ಬಳಕೆಯಲ್ಲಿದೆ. ಎರಡೂ ಕೈಗಳ ಹತೋಟಿ ಬೇಕಾಗುವುದರಿಂದ ಕಲಿಯಲು ಹೆಚ್ಚು ಅಭ್ಯಾಸ ಅಗತ್ಯ.

2. ಲಭ್ಯವಿರುವ ತರಬೇತಿಗಳು

ಅ) ಕೈಗಾರಿಕಾ ತರಬೇತಿ ಸಂಸ್ಥೆಗಳ ಬೆಸುಗೆಗಾರ ವೃತ್ತಿ: ಅವಧಿ 1 ವರ್ಷ. ಕನಿಷ್ಠ ವಿದ್ಯಾರ್ಹತೆ 8ನೇ ತರಗತಿ ಉತ್ತೀರ್ಣ; ಕನಿಷ್ಠ ವಯಸ್ಸು 14 ವರ್ಷ. 2022ರ ಪರಿಷ್ಕೃತ ಪಠ್ಯಕ್ರಮದಂತೆ ಒಟ್ಟು 1,200 ಗಂಟೆಗಳ ಬೋಧನೆಯಲ್ಲಿ 840 ಗಂಟೆ ಪ್ರಾಯೋಗಿಕ ತರಬೇತಿಗೆ ಮೀಸಲು. ಉತ್ತೀರ್ಣರಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಖಾಸಗಿ ಸಂಸ್ಥೆಯಾದಲ್ಲಿ, ಸಂಸ್ಥೆಗೆ ಮಾತ್ರವಲ್ಲದೆ ಬೆಸುಗೆಗಾರ ವೃತ್ತಿಗೂ ಸಂಯೋಜನೆ ಇರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.
ಆ) ಶಿಶಿಕ್ಷು ತರಬೇತಿ: 1961ರ ಶಿಶಿಕ್ಷು ಅಧಿನಿಯಮದಡಿ ಕಾರ್ಖಾನೆಯಲ್ಲಿಯೇ ಶಿಷ್ಯವೇತನ ಪಡೆಯುತ್ತಾ ಕಲಿಯಲು ಅವಕಾಶವಿದೆ. ಐ.ಟಿ.ಐ. ಮುಗಿಸಿದವರಿಗೆ ಇದು ಉತ್ತಮ ಮುಂದಿನ ಹೆಜ್ಜೆ.
ಇ) ಅಲ್ಪಾವಧಿ ತರಬೇತಿ: ಒಂದು ವಿಧಾನವನ್ನು ಮಾತ್ರ ಕಲಿಯಬಯಸುವವರಿಗೆ ಅಥವಾ ಒಂದು ವರ್ಷ ಬಿಡುವು ಇಲ್ಲದವರಿಗೆ ಉಪಯುಕ್ತ. ಪ್ರಮಾಣಪತ್ರವನ್ನು ನೀಡುವ ಸಂಸ್ಥೆ ಯಾವುದು, ಅದಕ್ಕೆ ಸರ್ಕಾರದ ಮಾನ್ಯತೆ ಇದೆಯೇ ಎಂಬುದನ್ನು ಮೊದಲೇ ವಿಚಾರಿಸುವುದು.
ಈ) ಪೂರ್ವ ಕಲಿಕೆಯ ಮಾನ್ಯತೆ: ಕಾರ್ಯಾಗಾರದಲ್ಲಿ ದುಡಿಯುತ್ತಲೇ ಕೆಲಸ ಕಲಿತವರು ಹೊಸದಾಗಿ ಪೂರ್ಣ ತರಬೇತಿ ಪಡೆಯದೆ, ಮೌಲ್ಯಮಾಪನದ ಮೂಲಕ ಪ್ರಮಾಣಪತ್ರ ಪಡೆಯುವ ಮಾರ್ಗ.

3. ಅಭ್ಯಾಸದ ಗಂಟೆಗಳ ಲೆಕ್ಕ

ಬೆಸುಗೆಯು ಕೈಕೆಲಸ, ನೋಡಿ ಕಲಿಯುವುದಕ್ಕಿಂತ ಮಾಡಿ ಕಲಿಯುವುದೇ ಹೆಚ್ಚು. ಉದಾಹರಣೆಗೆ, ದಿನಕ್ಕೆ 4 ಗಂಟೆಯಂತೆ 15 ದಿನಗಳ ತರಬೇತಿಯೆಂದರೆ 60 ಗಂಟೆ. 20 ಅಭ್ಯರ್ಥಿಗಳಿಗೆ 4 ಯಂತ್ರಗಳಿದ್ದಲ್ಲಿ ಒಬ್ಬರ ಪಾಲಿಗೆ ಬರುವುದು 12 ಗಂಟೆ ಮಾತ್ರ. ಆದುದರಿಂದ ಶುಲ್ಕ ಪಾವತಿಸುವ ಮುನ್ನ ತರಗತಿ ನಡೆಯುವ ವೇಳೆಯಲ್ಲಿ ಖುದ್ದು ಭೇಟಿ ನೀಡಿ, ಯಂತ್ರಗಳು ಮತ್ತು ಅಭ್ಯರ್ಥಿಗಳ ಸಂಖ್ಯೆ ಹಾಗೂ ರಾಡ್ ಮತ್ತು ಕಬ್ಬಿಣದ ವೆಚ್ಚ ಶುಲ್ಕದಲ್ಲಿ ಸೇರಿದೆಯೇ ಎಂಬುದನ್ನು ತಿಳಿದುಕೊಳ್ಳುವುದು.

4. "6ಜಿ" ಪ್ರಮಾಣಪತ್ರದ ಬಗ್ಗೆ ಎಚ್ಚರಿಕೆ

6ಜಿ ಎಂಬುದು 45 ಡಿಗ್ರಿ ಓರೆಯಾಗಿ ಅಲುಗದಂತೆ ನಿಲ್ಲಿಸಿದ ಕೊಳವೆಯನ್ನು ಸುತ್ತಲೂ ಬೆಸೆಯುವ ಪರೀಕ್ಷೆ. ಇದು ಅನುಭವಸ್ಥರಿಗೆ ಸಂಬಂಧಿಸಿದ್ದು. ಬೆಸುಗೆ ಪರೀಕ್ಷೆಯ ಅರ್ಹತೆಯು ನಿರ್ದಿಷ್ಟ ವಿಧಾನ, ಸ್ಥಾನ ಮತ್ತು ಲೋಹದ ದಪ್ಪಕ್ಕೆ ಸೀಮಿತ. ಬಾಯ್ಲರ್ ಮತ್ತು ಒತ್ತಡದ ಪಾತ್ರೆಗಳ ಕೆಲಸದಲ್ಲಿ ಬಳಕೆಯಲ್ಲಿರುವ ಎ.ಎಸ್.ಎಂ.ಇ. ಸಂಹಿತೆಯಂತೆ 6 ತಿಂಗಳು ಆ ವಿಧಾನದಲ್ಲಿ ಕೆಲಸ ಮಾಡದಿದ್ದಲ್ಲಿ ಅರ್ಹತೆಯು ಕೊನೆಗೊಳ್ಳುತ್ತದೆ. ಇಂತಹ ಕೆಲಸಗಳಿಗೆ ಉದ್ಯೋಗದಾತರೇ ಪರೀಕ್ಷೆ ನಡೆಸುವುದರಿಂದ, ಹೊರಗಿನ ಪ್ರಮಾಣಪತ್ರವೊಂದರಿಂದಲೇ ಕೆಲಸ ಖಚಿತವಾಗುವುದಿಲ್ಲ. ಹೊಸಬರಿಗೆ ಕೆಲವೇ ದಿನಗಳಲ್ಲಿ 6ಜಿ ಪ್ರಮಾಣಪತ್ರದ ಭರವಸೆ ನೀಡಿ ಹೆಚ್ಚಿನ ಶುಲ್ಕ ಕೇಳುವ ಕಡೆ ಹಣ ಪಾವತಿಸುವುದು ಸೂಕ್ತವಲ್ಲ.

5. ಸುರಕ್ಷತೆ

ಉತ್ತಮ ತರಬೇತಿಯಲ್ಲಿ ಮೊದಲ ಪಾಠ ಸುರಕ್ಷತೆಯದ್ದಾಗಿರುತ್ತದೆ. ಪ್ರತಿ ಅಭ್ಯರ್ಥಿಗೂ ಕಪ್ಪು ಗಾಜಿನ ಮುಖಕವಚ, ಚರ್ಮದ ಕೈಗವಸು ಮತ್ತು ಏಪ್ರನ್ ಇರಬೇಕು. ಯಂತ್ರಕ್ಕೆ ಸರಿಯಾದ ಅರ್ಥಿಂಗ್ ಮತ್ತು ಕೊಠಡಿಯಲ್ಲಿ ಹೊಗೆ ಹೊರಹೋಗುವ ವ್ಯವಸ್ಥೆ ಇರಬೇಕು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2017ರಲ್ಲಿ ಬೆಸುಗೆಯ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಈ ಸೌಲಭ್ಯಗಳಿಲ್ಲದ ಕೇಂದ್ರಕ್ಕೆ, ಶುಲ್ಕ ಎಷ್ಟೇ ಕಡಿಮೆಯಿದ್ದರೂ, ಸೇರಬಾರದು.

6. ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು

8ನೇ ತರಗತಿ ಅಥವಾ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಭಾವಚಿತ್ರಗಳು. ಮೀಸಲಾತಿ ಕೋರುವವರು ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ.

ವಿಶೇಷ ಸೂಚನೆ: ಕೃಷ್ಣರಾಜಪುರ ಭಾಗದಲ್ಲಿ "ಐ.ಟಿ.ಐ." ಎಂದರೆ ಸಾಮಾನ್ಯವಾಗಿ 1948ರಲ್ಲಿ ಸ್ಥಾಪನೆಯಾದ, ದೂರವಾಣಿನಗರದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಎಂದೇ ಜನಬಳಕೆಯಲ್ಲಿದೆ. ತರಬೇತಿ ಸಂಸ್ಥೆಯನ್ನು ವಿಚಾರಿಸುವವರು "ಕೈಗಾರಿಕಾ ತರಬೇತಿ ಸಂಸ್ಥೆ" ಎಂದು ಪೂರ್ಣ ಹೆಸರಿನಿಂದ ಕೇಳುವುದು ಒಳಿತು. ಪ್ರವೇಶದ ದಿನಾಂಕಗಳಿಗಾಗಿ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಅಧಿಸೂಚನೆಯನ್ನು ನೋಡತಕ್ಕದ್ದು.