ಮಡಚುವ ಚಾಕುವಿನ ಕಾಲನಿರ್ಣಯ

ಶ್ರೀನಿವಾಸಪುರಕ್ಕೆ ಹಿಂದೆ ಪಾಪನಪಳ್ಳಿ ಎಂಬ ಹೆಸರಿದ್ದಿತು. ದಿವಾನ್ ಪೂರ್ಣಯ್ಯನವರು ತಮ್ಮ ಪುತ್ರನಾದ ಶ್ರೀನಿವಾಸಮೂರ್ತಿಯ ಹೆಸರನ್ನು ಈ ಊರಿಗೆ ಇಟ್ಟರೆಂಬುದು ಪ್ರಸಿದ್ಧವಾದ ಸಂಗತಿ. ಇಂತಹ ಊರಿನ ಹಳೆಯ ಮನೆಯೊಂದರ ಅಟ್ಟದ ಪೆಟ್ಟಿಗೆಯಲ್ಲಿ, ಲೆಕ್ಕದ ಕಡತಗಳ ನಡುವೆ, ತುಕ್ಕು ಹಿಡಿದ ಮಡಚುವ ಚಾಕುವೊಂದು ದೊರೆಯಿತೆಂದು ಭಾವಿಸಬಹುದು. ಮನೆಯ ಹಿರಿಯರು “ಇದು ಪೂರ್ಣಯ್ಯನವರ ಕಾಲದ್ದು” ಎನ್ನುವರು. ಶಾಲೆಗೆ ಹೋಗುವ ಹುಡುಗನು “ಹಾಗೆಂದು ಹೇಳಿದವರು ಯಾರು?” ಎಂದು ಕೇಳುವನು. ಆ ಪ್ರಶ್ನೆಯು ಉದ್ಧಟತನವಲ್ಲ. ಇತಿಹಾಸವು ಮೊದಲಾಗುವುದೇ ಅಲ್ಲಿಂದ.

ಪರಂಪರೆಯಿಂದ ಬಂದ ಮಾತನ್ನು ನಮ್ಮ ಶಾಸ್ತ್ರಕಾರರು ಐತಿಹ್ಯವೆಂದು ಕರೆದರು. ನೈಯಾಯಿಕರು ಅದನ್ನು ಸ್ವತಂತ್ರ ಪ್ರಮಾಣವೆಂದು ಒಪ್ಪದೆ ಶಬ್ದದಲ್ಲಿಯೇ ಅಡಗಿಸಿದರು. ಹೇಳಿದವನು ಆಪ್ತನೆಂದು ತಿಳಿದರೆ ಮಾತು ನಿಲ್ಲುವುದು. ಇಲ್ಲವಾದರೆ ಪ್ರತ್ಯಕ್ಷ ಅನುಮಾನಗಳಿಗೆ ಮೊರೆಹೋಗಬೇಕು. ಚಾಕುವಿನ ವಿಷಯದಲ್ಲಿ ಪ್ರತ್ಯಕ್ಷವೆಂದರೆ ಅಲಗು ಹಿಡಿಯನ್ನು ಸೇರುವೆಡೆ ಅದರ ಬುಡದಲ್ಲಿ ಒತ್ತಿರುವ ಅಕ್ಷರಗಳು. ಅವೇ ಅದರ ಶಾಸನ.

ಆ ಬುಡದಲ್ಲಿ ಒಂದು ನಕ್ಷತ್ರ, ಒಂದು ಮಾಲ್ಟೀಸ್ ಶಿಲುಬೆ, ಜೋಸೆಫ್ ರಾಜರ್ಸ್ ಎಂಬ ಹೆಸರು, ಕಿರೀಟದ ಇಬ್ಬದಿಗಳಲ್ಲಿ ‘ಜಿ’ ‘ಆರ್’ ಎಂಬ ಅಕ್ಷರಗಳು, ‘ದೊರೆಯವರ ಚಾಕು ತಯಾರಕರು’ ಎಂಬ ಬಿರುದು, ‘ಷೆಫೀಲ್ಡ್, ಇಂಗ್ಲೆಂಡ್’ ಎಂಬ ಸ್ಥಳನಾಮ, ಇಷ್ಟು ಕಂಡುಬಂದವೆನ್ನೋಣ. ‘ಜಿ’ ‘ಆರ್’ ಎಂದರೆ ಜಾರ್ಜ್ ದೊರೆ. ಮೂರನೆಯ ಜಾರ್ಜನು 1760ರಿಂದ 1820ರ ವರೆಗೆ ಆಳಿದನು. ಪೂರ್ಣಯ್ಯನವರು ತೀರಿಕೊಂಡದ್ದು 1812ರಲ್ಲಿ. ಹಾಗಾದರೆ ಹಿರಿಯರ ಮಾತೇ ಗೆದ್ದಿತೆಂದು ತೋರುವುದು. ಆದರೆ ರಾಜರ್ಸ್ ಸಂಸ್ಥೆಗೆ ರಾಜಾಶ್ರಯದ ಬಿರುದು ಬಂದುದು ನಾಲ್ಕನೆಯ ಜಾರ್ಜನ ಆಳ್ವಿಕೆಯಲ್ಲಿ, ಅಂದರೆ 1820ರ ತರುವಾಯ. ಇದರಿಂದ ಪೂರ್ಣಯ್ಯನವರ ಕಾಲವು ಬಿಟ್ಟುಹೋಗುವುದು.

ಇನ್ನು ‘ಇಂಗ್ಲೆಂಡ್’ ಎಂಬ ಪದವನ್ನು ನೋಡತಕ್ಕದ್ದು. ಜರ್ಮನಿಯ ಸೋಲಿಂಗೆನ್ ಮೊದಲಾದೆಡೆಗಳ ಸರಕಿಗೆ ಷೆಫೀಲ್ಡಿನ ಮುದ್ರೆ ಹಾಕಿ ಮಾರುತ್ತಿರುವರೆಂದು ಅಲ್ಲಿಯ ಕಸುಬಿನವರು ದೂರಿಟ್ಟುದರಿಂದ 1887ರಲ್ಲಿ ಬ್ರಿಟನ್ನಿನಲ್ಲಿ ಸರಕುಗಳ ಗುರುತಿನ ಕಾನೂನು ಬಂದಿತು. 1889ರಲ್ಲಿ ಭಾರತದಲ್ಲಿಯೂ ಅಂತಹುದೇ ಕಾನೂನಾಯಿತು. ಅಮೆರಿಕದ 1890ರ ಸುಂಕದ ಕಾನೂನು ಸಹ ದೇಶದ ಹೆಸರನ್ನು ಕೇಳಿತು. ಸರಕಿನ ಮೇಲೆ ದೇಶನಾಮವನ್ನು ಒತ್ತುವ ರೂಢಿಯು ಬಲವಾದುದು ಅಂದಿನಿಂದ. ಅನಂತರ 1901ರ ವರೆಗೆ ವಿಕ್ಟೋರಿಯಾ ರಾಣಿ, 1910ರ ವರೆಗೆ ಏಳನೆಯ ಎಡ್ವರ್ಡ್. ಆದುದರಿಂದ ‘ಜಿ’ ಅಕ್ಷರವು 1910ರಲ್ಲಿ ಪಟ್ಟಕ್ಕೆ ಬಂದ ಐದನೆಯ ಜಾರ್ಜನನ್ನಾಗಲಿ, 1952ರಲ್ಲಿ ತೀರಿಕೊಂಡ ಆರನೆಯ ಜಾರ್ಜನನ್ನಾಗಲಿ ಸೂಚಿಸಬೇಕು. ಅಲಗಿನ ಮೇಲೆ ‘ಸ್ಟೇನ್‌ಲೆಸ್’ ಎಂದಿದ್ದರೆ ಅದು 1913ಕ್ಕಿಂತ ಹಿಂದಿನದಾಗಲಾರದು. ಆ ಉಕ್ಕನ್ನು ಹ್ಯಾರಿ ಬ್ರಿಯರ್ಲಿಯು ಷೆಫೀಲ್ಡಿನಲ್ಲಿ ತಯಾರಿಸಿದ್ದು ಆ ವರ್ಷ. ಹೀಗೆ ಎರಡು ಎಲ್ಲೆಗಳ ನಡುವೆ ಕಾಲವನ್ನು ನಿಲ್ಲಿಸುವುದೇ ನಿರ್ಣಯ. ಒಂದೇ ವರ್ಷವನ್ನು ಹೇಳಿಬಿಡುವ ಆತುರವು ನಿರ್ಣಯವಲ್ಲ.

ವರ್ಷವನ್ನು ಸ್ಪಷ್ಟವಾಗಿ ಕೊರೆದಿದ್ದರೂ ಮೋಸಹೋಗುವ ಸಂಭವವುಂಟು. ಬ್ರಿಟಿಷ್ ಸೈನಿಕರಿಗೆ ಕೊಡುತ್ತಿದ್ದ ದಪ್ಪನಾದ ಮಡಚುವ ಚಾಕುಗಳಲ್ಲಿ, ಹಗ್ಗದ ಗಂಟು ಬಿಡಿಸುವ ಮೊನೆಯ ಸಲಾಕೆಯೊಡನೆ, ‘6353/1905’ ಎಂಬ ಅಂಕಿಗಳು ಕಾಣುವುವು. ಇದು ತಯಾರಾದ ವರ್ಷವಲ್ಲ. ಸರ್ಕಾರವು ಒಪ್ಪಿದ ಮಾದರಿಯ ಸಂಖ್ಯೆ ಮತ್ತು ವರ್ಷ. ಆ ಮಾದರಿಯ ಚಾಕುಗಳು ಮೊದಲನೆಯ ಮಹಾಯುದ್ಧದಲ್ಲಿಯೂ ಬಳಕೆಯಲ್ಲಿದ್ದುವು. ಜನಮೇಜಯನದೆಂದು ಹೇಳಿಕೊಳ್ಳುವ ಗೌಜ ಅಗ್ರಹಾರದ ತಾಮ್ರಪಟವನ್ನು ವಿದ್ವಾಂಸರು ಬಹಳ ಈಚಿನದೆಂದು ತಿಳಿದುದು ನೆನಪಿಗೆ ಬರುವುದು. ಬರೆದಿರುವ ಕಾಲ ಬೇರೆ, ಬರೆದ ಕಾಲ ಬೇರೆ. ಕೋಲಾರ ಜಿಲ್ಲೆಯ ಶಾಸನಗಳನ್ನು ರೈಸ್ ಸಾಹೇಬರು ಒಟ್ಟುಗೂಡಿಸಿ ಪ್ರಕಟಿಸಿದುದೂ ಅದೇ 1905ರಲ್ಲಿ. ಕಲ್ಲನ್ನು ಓದಲು ಬೇಕಾದ ಎಚ್ಚರವೇ ಕಬ್ಬಿಣವನ್ನು ಓದಲೂ ಬೇಕು.

ಹಿಡಿಯನ್ನೂ ನೋಡದೆ ಬಿಡಬಾರದು. ಷೆಫೀಲ್ಡಿನ ಚಾಕುಗಳ ಹಿಡಿಗೆ ಭಾರತದ ಕಡವೆಯ ಕೊಂಬು ಹೇರಳವಾಗಿ ಹೋಗುತ್ತಿದ್ದಿತು. ನಮ್ಮ ಕಾಡಿನ ಕೊಂಬು ಕಡಲನ್ನು ದಾಟಿ, ಉಕ್ಕನ್ನು ಕೂಡಿ, ಮತ್ತೆ ನಮ್ಮ ಪೇಟೆಗೇ ಬೆಲೆಯೇರಿ ಬರುತ್ತಿದ್ದಿತು. ಪರಾಧೀನ ದೇಶದ ವ್ಯಾಪಾರವೆಲ್ಲವೂ ಆ ಒಂದು ಹಿಡಿಯಲ್ಲಿ ಅಡಗಿದೆ.

ಆದರೆ ಇಂತಹ ಚಾಕು ಸಿಕ್ಕೊಡನೆ ನಡೆಯುವುದೇನು? ಹುಣಿಸೆಹಣ್ಣು ಬೂದಿಗಳಿಂದ ತಿಕ್ಕುವರು, ಇಲ್ಲವೆ ಸಾಣೆಯವನ ಕೈಗೆ ಕೊಡುವರು. ಅಲಗು ಹೊಳೆಯುವುದು, ಅಕ್ಷರ ಅಳಿಯುವುದು. ಹಾಗೆ ಮಾಡದೆ, ಬಟ್ಟೆಗೆ ತುಸು ಎಣ್ಣೆಯನ್ನು ಹಚ್ಚಿ ಮೆಲ್ಲನೆ ಒರಸಿ, ಓರೆಯಾಗಿ ಬೀಳುವ ಬೆಳಕಿನಲ್ಲಿ ಹಿಡಿದು, ಕಂಡಷ್ಟನ್ನು ಕಂಡಂತೆಯೇ ಕಾಗದದಲ್ಲಿ ಬರೆದಿಡಬೇಕು. ಅದರ ಕೆಳಗೆ ಹಿರಿಯರ ಮಾತನ್ನೂ, ಅವರು ಹೇಳಿದರೆಂದೇ ನಮೂದಿಸಿ, ಬರೆಯತಕ್ಕದ್ದು.

ಪೂರ್ಣಯ್ಯನವರ ಕಾಲದ್ದಲ್ಲವೆಂದು ತಿಳಿದರೆ ಮನೆಯ ಗೌರವಕ್ಕೆ ಕುಂದೇನೂ ಇಲ್ಲ. ಆ ಚಾಕು ಲೆಕ್ಕಣಿಕೆಯನ್ನು ಹೆರೆದಿರಬಹುದು; ಮಾವಿನ ಸುಗ್ಗಿಯಲ್ಲಿ ಮಕ್ಕಳಿಗೆ ಹಣ್ಣನ್ನು ಹೆಚ್ಚಿ ಕೊಟ್ಟಿರಬಹುದು. ದಿವಾನರ ಹೆಸರಿನ ಕೆಳಗೆ ಹುದುಗಿಹೋಗಿದ್ದ ತಾತನೊಬ್ಬನು, ಆ ಸುಳ್ಳನ್ನು ತೆಗೆದೊಡನೆ, ತನ್ನ ಚಾಕುವಿನೊಡನೆ ಮತ್ತೆ ಮನೆಯವರಿಗೆ ದೊರೆಯುವನು.