ಅತಿರೇಕದ ಬಾಳಿಕೆ ಪರೀಕ್ಷೆ ಮತ್ತು ನಿತ್ಯಬಳಕೆ: ಕೆಜಿಎಫ್–ಬಂಗಾರಪೇಟೆಯ ಅಲಗುಗಳ ನೆಲೆಯಲ್ಲಿ

ಸುತ್ತಿಗೆಯಿಂದ ಬಡಿದು ಕೊರಡು ಸೀಳಿಸುವುದು, ವೈಸಿನಲ್ಲಿ ಕಚ್ಚಿಸಿ ಬಗ್ಗಿಸುವುದು, ಕಾಂಕ್ರೀಟಿಗೆ ಹೊಡೆಯುವುದು: ಇವನ್ನು ತಾಳಿದ ಚಾಕು ಮನೆಯಲ್ಲೂ ಬಾಳುತ್ತದೆಂಬುದು ಸಾಮಾನ್ಯ ನಂಬಿಕೆ. ಇದನ್ನು ಒರೆಗೆ ಹಚ್ಚಲು ಬಂಗಾರಪೇಟೆ–ಮಾರಿಕುಪ್ಪಂ ರೈಲುದಾರಿಯ ಎರಡು ತುದಿಗಳು ಸಾಕು.

ಮಾರಿಕುಪ್ಪಂ ತುದಿಯಲ್ಲಿ ಅತಿರೇಕವೇ ದಿನದ ಕೆಲಸವಾಗಿತ್ತು. 2001ರಲ್ಲಿ ಮುಚ್ಚಿದ ಕೆಜಿಎಫ್‌ನ ಚಿನ್ನದ ಗಣಿಗಳಲ್ಲಿ ಒಂದಾದ ಚಾಂಪಿಯನ್ ರೀಫ್ 3 ಕಿ.ಮೀ.ಗೂ ಹೆಚ್ಚು ಆಳಕ್ಕಿಳಿದಿತ್ತು. ಚಿನ್ನವಿದ್ದದ್ದು ಬೆಣಚುಕಲ್ಲಿನ ಪಟ್ಟೆಗಳಲ್ಲಿ. ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7. ಅಂಥ ಕಲ್ಲು ಕೊರೆಯುವ ಸಲಾಕೆಗೆ ಪ್ರತಿ ಏಟೂ ಆಘಾತ ಪರೀಕ್ಷೆಯೇ. ಅಲ್ಲಿ ಸುತ್ತಿಗೆಯ ತೀರ್ಪು ನ್ಯಾಯವಾದದ್ದು.

ಬಂಗಾರಪೇಟೆ ಸುತ್ತಿನ ರಾಗಿಹೊಲದ ಕುಡುಗೋಲಿನ ಪಾಡು ಬೇರೆ. ಅದು ಮುರಿಯುವುದು ಅಪರೂಪ, ಮೊಂಡಾಗುವುದು ನಿತ್ಯ. ರಾಗಿ ಹುಲ್ಲಿನ ಜಾತಿ; ಅದರ ಎಲೆ, ಕಡ್ಡಿಗಳಲ್ಲಿ ಸಿಲಿಕಾದ ಸೂಕ್ಷ್ಮಕಣಗಳಿರುತ್ತವೆ. ಬುಡಕ್ಕೆ ಕೊಯ್ದಾಗ ಮಣ್ಣಿನ ಮರಳೂ ಸೇರಿ ಬಾಯಿ ಸವೆಯುತ್ತದೆ. ಹರಿತ ನೋಡಲು ಕೊಯ್ಯುವವರು ಹೆಬ್ಬೆರಳನ್ನು ಅಲಗಿಗೆ ಅಡ್ಡಲಾಗಿ ಆಡಿಸುತ್ತಾರೆ, ಉದ್ದಕ್ಕಲ್ಲ. ಬೆರಳಿಗೆ ಹಿಡಿತ ಸಿಗದೆ ಜಾರಿದರೆ ಕಲ್ಲಿಗೆ ನೀರು ಚಿಮುಕಿಸಿ ಮಸೆಯುತ್ತಾರೆ. ಪ್ರಯೋಗಾಲಯದಲ್ಲಿ ಈ ಸವೆತಕ್ಕೆ ಹತ್ತಿರದ್ದು ಐಎಸ್‌ಒ 8442-5 ಮಾನದಂಡ: ಸೇ. 5ರಷ್ಟು ಸಿಲಿಕಾ ಬೆರೆತ ಕಾಗದವನ್ನು ಅಲಗು ಮತ್ತೆ ಮತ್ತೆ ಕೊಯ್ಯಬೇಕು. ಪ್ರತಿ ಸಲ ಎಷ್ಟು ಆಳ ಇಳಿಯಿತೆಂಬುದೇ ಲೆಕ್ಕ. ನೋಡಲು ನೀರಸ, ಆದರೆ ಹೊಲಕ್ಕೆ ಕಾಂಕ್ರೀಟಿಗಿಂತ ಹತ್ತಿರ.

ತೊಡಕು ಇನ್ನೂ ಆಳದ್ದು. ಬಗ್ಗಿದರೂ ಮುರಿಯಬಾರದೆಂದರೆ ಉಕ್ಕಿನ ಹದವನ್ನು ಮೆದುವಾಗಿಸಬೇಕು, ಬಾಯಿಯನ್ನು ದಪ್ಪಗಿಡಬೇಕು. ಮೆದು ಉಕ್ಕು ಬೇಗ ಮೊಂಡಾಗುತ್ತದೆ, ದಪ್ಪ ಬಾಯಿ ಈರುಳ್ಳಿಯನ್ನು ಹೆಚ್ಚುವ ಬದಲು ಸೀಳುತ್ತದೆ. ಅಂದರೆ ಪರೀಕ್ಷೆ ಗೆಲ್ಲಲೆಂದೇ ಮಾಡಿದ ಚಾಕು ಅಡುಗೆಮನೆಯಲ್ಲಿ ಸೋಲುತ್ತದೆ. ಈಳಿಗೆಮಣೆಯ ಮಟ್ಟಿಗಂತೂ ಬಗ್ಗಿಸುವ ಪರೀಕ್ಷೆ ಅಪ್ರಸ್ತುತವೇ ಸರಿ: ಅಲಗು ನಿಂತಲ್ಲೇ ನಿಂತಿರುತ್ತದೆ, ತರಕಾರಿ ಬರುತ್ತದೆ, ಪಕ್ಕದಿಂದ ಒತ್ತಡ ಬೀಳುವುದೇ ಕಡಿಮೆ.

ಲಾರಿಯ ಕಮಾನುಪಟ್ಟಿಯಿಂದ ಬಡಿದ ಎಳನೀರು ಮಚ್ಚಿನ ಮಾತು ಬೇರೆ. ಏಟು ತಿನ್ನುವುದೇ ಅದರ ಕಸುಬು. ಅತಿರೇಕದ ಪರೀಕ್ಷೆಗೆ ಇನ್ನೊಂದು ಉಪಯೋಗವೂ ಉಂಟು: ಹದ ಕೆಟ್ಟಿದ್ದರೆ, ಒಳಗೆ ಬಿರುಕಿದ್ದರೆ ತಟ್ಟನೆ ಬಯಲಾಗುತ್ತದೆ. ಆದರೆ ಅದು ಆ ಒಂದು ಅಲಗಿನ ಸುದ್ದಿ. ಅದೇ ಮಾದರಿಯ ಮಿಕ್ಕವೆಲ್ಲ ಹಾಗೆಯೇ ಎನ್ನಲು ಒಂದು ಸಾಲದು.

ತುಕ್ಕಿನ ವಿಚಾರವನ್ನಂತೂ ಸುತ್ತಿಗೆ ಮುಟ್ಟುವುದೇ ಇಲ್ಲ. ಟೊಮೆಟೊ ಬೆಳೆಯುವ ಈ ಕೋಲಾರ ಜಿಲ್ಲೆಯ ಚಾಕುಗಳಿಗೆ ಪರೀಕ್ಷೆ ರೂಪಿಸುವುದಾದರೆ ಅಲಗನ್ನು ರಾತ್ರಿಯಿಡೀ ಟೊಮೆಟೊ ರಸದಲ್ಲಿಟ್ಟು, ಬೆಳಿಗ್ಗೆ ರಾಗಿಹುಲ್ಲಿನ ಕಂತೆ ಕೊಯ್ಯಿಸಿ, ಮತ್ತೆ ಮಸೆಯುವ ಮುನ್ನ ಎಷ್ಟು ಕಂತೆ ಕೊಯ್ದಿತೆಂದು ಎಣಿಸಬೇಕು.