ಅರಣ್ಯ ಹಕ್ಕು ಕೋರಿಕೆ ನಮೂನೆ: ಪುರಾವೆಗಳ ಚೌಕಗಳನ್ನು ಗುರುತಿಸುವ ಕ್ರಮ

ಗಣಕೀಕೃತ ನಮೂನೆಗಳಲ್ಲಿ ವೃತ್ತಗಳ ಗುಂಪಿನಿಂದ ಒಂದನ್ನು ಮಾತ್ರ ಆಯ್ಕೆ ಮಾಡಬಹುದು. ಚೌಕಗಳ ಗುಂಪಿನಿಂದ ಒಂದಕ್ಕಿಂತ ಹೆಚ್ಚನ್ನು ಆಯ್ಕೆ ಮಾಡಬಹುದು. ಆದುದರಿಂದ ಚೌಕಗಳನ್ನು ಬಿಡಿಬಿಡಿಯಾಗಿ ಕಡ್ಡಾಯಗೊಳಿಸದೆ, ಗುರುತಿಸಿದವುಗಳ ಒಟ್ಟು ಸಂಖ್ಯೆಯನ್ನು ಪರಿಶೀಲಿಸತಕ್ಕದ್ದು.

ಕನಿಷ್ಠ ಸಂಖ್ಯೆ: ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಅರಣ್ಯವಾಸಿಗಳು ಅರಣ್ಯ ಹಕ್ಕುಗಳ ಮಾನ್ಯತೆ ಅಧಿನಿಯಮ, 2006ರಡಿ ಸಲ್ಲಿಸುವ ಕೋರಿಕೆಗೆ, 2008ರ ನಿಯಮಗಳ ನಿಯಮ 11ರಂತೆ, ಕನಿಷ್ಠ ಎರಡು ಪುರಾವೆಗಳು ಅವಶ್ಯ.

ಪುರಾವೆಗಳು (ನಿಯಮ 13ರಿಂದ ಕೆಲವು):
1. ಮತದಾರರ ಗುರುತಿನ ಚೀಟಿ
2. ಪಡಿತರ ಚೀಟಿ
3. ಮನೆ ತೆರಿಗೆ ರಸೀದಿ
4. ಮನೆ, ಗುಡಿಸಲು, ಜಮೀನಿನ ಬದು
5. ಹಳೆಯ ಬಾವಿ, ಸ್ಮಶಾನ, ಪವಿತ್ರ ಸ್ಥಳ
6. ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ

ಎಲ್ಲ ಚೌಕಗಳನ್ನೂ ಕಡ್ಡಾಯಗೊಳಿಸಿದಲ್ಲಿ ಕಾಗದಪತ್ರಗಳಿಲ್ಲದ ಅರ್ಹ ಕುಟುಂಬಗಳು ಹೊರಗುಳಿಯುವವು. ಸಂಖ್ಯೆಯನ್ನು ಎಣಿಸದಿದ್ದಲ್ಲಿ ಅಪೂರ್ಣ ಕೋರಿಕೆಗಳು ಸಲ್ಲಿಕೆಯಾಗುವವು. 2012ರಲ್ಲಿ ಸೇರಿಸಲಾದ ನಿಯಮ 12ಎ ಪ್ರಕಾರ, ಉಪವಿಭಾಗ ಹಾಗೂ ಜಿಲ್ಲಾ ಮಟ್ಟದ ಸಮಿತಿಗಳು ಇಂತಹದೇ ದಾಖಲೆ ಬೇಕೆಂದು ಒತ್ತಾಯಿಸುವಂತಿಲ್ಲ.

ಇತರೆ ಪಾರಂಪರಿಕ ಅರಣ್ಯವಾಸಿಗಳು 13-12-2005ಕ್ಕೆ ಮುಂಚಿನ ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನೂ ರುಜುವಾತುಪಡಿಸತಕ್ಕದ್ದು.

ಸೂಚನೆ: ಅರ್ಜಿದಾರರು ತಮ್ಮಲ್ಲಿರುವ ಪುರಾವೆಗಳನ್ನು ಮಾತ್ರ ಗುರುತಿಸುವುದು. ಗಣಕಯಂತ್ರವು ಎಣಿಸುವುದು ಗುರುತುಗಳನ್ನಷ್ಟೇ. ಪುರಾವೆಗಳ ಪರಿಶೀಲನೆಯು ಅರಣ್ಯ ಹಕ್ಕು ಸಮಿತಿ ಹಾಗೂ ಗ್ರಾಮಸಭೆಯಿಂದ ಆರಂಭವಾಗುತ್ತದೆ.